ಅಕ್ಕನ ಬಲಗೈ, ನಾಯಿಯ ಹಿಂಗಾಲು

ಅಕ್ಕನ ಕೈಯನ್ನು ಮೊದಲ ದಿನದಿಂದಲೂ ಹಗುರವಾಗಿಯೇ ಸವರಿದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಮೊನ್ನೆ ಹಳೆಯ ಡೈರಿ ತೆಗೆದೆ. ನನ್ನದೇ ಅಕ್ಷರ: "ಎಣ್ಣೆ ಬಿಸಿ ಮಾಡಿ ಒತ್ತಿ ತಿಕ್ಕಿದೆ. ಅಕ್ಕ ಗೋಡೆ ಕಡೆ ಮುಖ ಮಾಡಿಕೊಂಡಳು." ಮುಂದಿನ ಮೂರು ಪುಟಗಳಲ್ಲೂ ಅದೇ. ಹಾಗಾದರೆ ನೆನಪಿನಲ್ಲಿರುವ ಆ ಮೆತ್ತಗಿನ ಕೈ ಯಾರದು?

ಅಕ್ಕನಿಗೆ ಬಲ ಎದೆಯ ಗಂಟು ತೆಗೆದಾಗ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಗಾಯ ಮಾಗಿತು, ಔಷಧಿ ಮುಗಿಯಿತು, ಕೂದಲೂ ಬಂತು. ಎಲ್ಲ ಮುಗಿಯಿತು ಅಂದುಕೊಳ್ಳುವ ಹೊತ್ತಿಗೆ ಕೈ ಊದತೊಡಗಿತು. ಚರ್ಮದ ಕೆಳಗೆ ಉಳಿಯುವ ನೀರು ಆ ಗ್ರಂಥಿಗಳ ದಾರಿಯಲ್ಲೇ ವಾಪಸು ಹೋಗಬೇಕಂತೆ. ದಾರಿಯೇ ಇರಲಿಲ್ಲ.

ಹಾಸನದ ಆಸ್ಪತ್ರೆಯ ಫಿಸಿಯೋಥೆರಪಿಯವರು ತೋರಿಸಿಕೊಟ್ಟಿದ್ದರು. "ಒತ್ತಬೇಡಿ. ಚರ್ಮ ಒಂಚೂರು ಜರುಗಿದರೆ ಸಾಕು. ಮೊದಲು ಕತ್ತು, ಆಮೇಲೆ ಎಡ ಕಂಕುಳು, ಎದೆ, ಭುಜ. ಊದಿದ ಕೈ ಕೊನೆಗೆ." ಊದಿದ್ದು ಬಲಗಡೆ, ಇವರು ಎಡಗಡೆ ಸವರುತ್ತಾರಲ್ಲ ಎಂದು ನನಗೆ ಒಳಗೇ ನಗು ಬಂತು. ನಮ್ಮ ಕಡೆ ಊತ ಅಂದರೆ ಬಿಸಿ ಎಣ್ಣೆ, ತಿಕ್ಕುವವರಿಗೇ ಬೆವರು ಬರುವಷ್ಟು ತಿಕ್ಕುವುದು, ಮೇಲೆ ಬಿಸಿನೀರು. ಬಾಣಂತಿಗೂ ಅದೇ, ತೋಟದಲ್ಲಿ ಜಾರಿ ಬಿದ್ದ ಆಳಿಗೂ ಅದೇ. ನೋವಾದರೆ ಗುಣವಾಗುತ್ತಿದೆ ಎಂದು ಅರ್ಥ. ಮೈಸೂರಿನಲ್ಲಿ ಎಂ.ಎ. ಓದಿದ ನಾನೂ ಅದನ್ನೇ ಮಾಡಿದೆ. ಕೈ ಇನ್ನಷ್ಟು ಊದಿತು.

ಅಕ್ಕನಿಗೆ ಬೇಕಿದ್ದದ್ದು ಒಂದೇ. ಮಗಳ ಸೀಮಂತಕ್ಕೆ ಎರಡು ತಿಂಗಳಿತ್ತು. ಆಪರೇಷನ್ನಿಗೆ ಮುಂಚೆ ತೆಗೆದಿಟ್ಟ ಬಳೆಗಳು ಎಡಗೈಗೆ ಮತ್ತೆ ಏರಿದ್ದವು, ಬಲಗೈಗೆ ಏರುತ್ತಿರಲಿಲ್ಲ.

"ಒಂದು ಕೈ ಬೋಳು ಮಾಡ್ಕಂಡು ಮಗಳಿಗೆ ಬಳೆ ತೊಡಿಸಕ್ಕೆ ನಾ ಮುಂದೆ ಹೋಗಕಿಲ್ಲ" ಅಂದಳು. "ಬೀಗರ ಕಡೆ ಹೆಂಗಸ್ರು ಅದನ್ನೇ ನೋಡ್ತಾ ಕೂತಿರ್ತಾರೆ. ನೀನೇ ತೊಡಿಸ್ಬುಡು."

"ನಾನು ತೊಡಿಸಿದ್ರೆ ನೀನೇನು ಮಾಡ್ತೀಯ?"

"ಒಳಗೆ ಪಾಯಸ ತಿರುವ್ತೀನಿ. ಎಡಗೈ ಐತಲ್ಲ."

ಅವಳನ್ನು ಹಾನುಬಾಳಿನ ಬಳೆ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿಯ ಮುದುಕಿ ಎಂಥ ಒರಟು ಕೈಯ ಗೆಣ್ಣುಗಳನ್ನೂ ಕೂಡಿಸಿ, ಮಾತಾಡಿಸುತ್ತಲೇ ಬಳೆ ಏರಿಸಿಬಿಡುವವಳು. ಅಕ್ಕನ ಮುಂಗೈ ಹಿಡಿದು ಹೆಬ್ಬೆರಳು ಊರಿದಳು. ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಹಾಗೇ ಉಳಿಯಿತು.

"ಇದು ಮೂಳೆ ದಪ್ಪ ಅಲ್ಲ ಕಣವ್ವ, ನೀರು. ಇಳಿಸ್ಕಂಡು ಬಾ. ಇವತ್ತು ಸೋಪು ಹಚ್ಚಿ ಏರಿಸ್ಬೋದು, ಸಂಜೆಗೆ ತೆಗೆಸಕ್ಕೆ ನನ್ನ ಕರೀಬ್ಯಾಡ." ಆಮೇಲೆ ಕೈ ತಿರುಗಿಸಿ ನೋಡಿ, "ಇಂಗೆ ಚರ್ಮ ಕೆಂಪಗಾಗೋ ಹಂಗೆ ತಿಕ್ಕಿದ್ಯಾರು?" ಅಂದಳು.

"ನಾನೇ" ಅಂದಳು ಅಕ್ಕ, ನನ್ನ ಕಡೆ ನೋಡದೆ.

ಈ ಮಾತು ಡೈರಿಯಲ್ಲಿಲ್ಲ. ಬರೆಯಲು ನಾಚಿಕೆಯಾಯಿತೋ, ಅಥವಾ ಆಮೇಲೆ ನಾನೇ ಕಟ್ಟಿಕೊಂಡೆನೋ, ಹೇಳಲಾರೆ.

ಎಸ್ಟೇಟಿನ ಬೇಲಿಯಲ್ಲಿ ಹಂದಿಗೆ ಹಾಕಿದ್ದ ತಂತಿ ಉರುಳಿಗೆ ನಮ್ಮ ನಾಯಿಯ ಹಿಂಗಾಲು ಸಿಕ್ಕಿಹಾಕಿಕೊಂಡದ್ದು ಇದಕ್ಕೆ ಮುಂಚೆಯೇ. ಗಾಯ ಒಣಗಿದರೂ ಪಾದ ಊದಿಕೊಂಡೇ ಇತ್ತು. ಬಳೆ ಅಂಗಡಿಗೆ ಹೋಗಿಬಂದ ಮೇಲೆ ಒಂದು ದಿನ ಸಕಲೇಶಪುರದ ಪಶುವೈದ್ಯರು ಕಾಲು ಹಿಡಿದು ನೋಡಿ, "ಮೂಳೆ ಸರಿಯಿದೆ. ತೊಡೆಸಂದಿಯಿಂದ ಶುರುಮಾಡಿ ಹಗುರವಾಗಿ ಮೇಲ್ಮುಖ ಸವರಿ. ಕಾಲು ಕೆಂಪಗೆ ಬಿಸಿಯಾದರೆ ಮಾತ್ರ ಮುಟ್ಟಬೇಡಿ, ಕರಕೊಂಡು ಬನ್ನಿ" ಅಂದರು. ಹಾಸನದಲ್ಲಿ ಕೇಳಿದ ಮಾತೇ. ಎರಡನೆಯ ಸಲ, ಅದೂ ನಾಯಿಯ ಡಾಕ್ಟರ ಬಾಯಲ್ಲಿ ಕೇಳಿದ ಮೇಲೆ ನಂಬಿದೆ.

ನಂಬಿದರೂ ಕೈ ಕೇಳಬೇಕಲ್ಲ. ಒತ್ತಿದೆ. ನಾಯಿ ಎದ್ದು ಕುಂಟುತ್ತ ಕಾಫಿ ಕಣದ ಆಚೆ ತುದಿಗೆ ಹೋಗಿ ಮಲಗಿತು. ಮರುದಿನ ಸ್ವಲ್ಪ ಕಡಿಮೆ ಒತ್ತಿದೆ, ಮತ್ತೆ ಎದ್ದು ಹೋಯಿತು. ನಾಲ್ಕನೆಯ ದಿನವೋ ಐದನೆಯ ದಿನವೋ, ಕೆಲಸದಿಂದ ಬಂದು ಒತ್ತುವಷ್ಟು ತ್ರಾಣವೇ ಇಲ್ಲದೆ ಸುಮ್ಮನೆ ಅಂಗೈ ಇಟ್ಟು, ಚರ್ಮವನ್ನಷ್ಟೇ ನಿಧಾನವಾಗಿ ಜರುಗಿಸಿದೆ. ನಾಯಿ ಉಸಿರು ಬಿಟ್ಟು ಕಾಲು ಚಾಚಿತು. ಹಾಗಾದರೆ ಕೈ ಊರಬೇಕಾದ ಭಾರ ಇಷ್ಟೇ. ಮರೆಯುವ ಮೊದಲೇ ಅಕ್ಕನ ಹತ್ತಿರ ಓಡಿದೆ.

"ನಾಯಿ ಮುಟ್ಟಿದ ಕೈ ತೊಳ್ಕಂಡು ಬಾರೇ ಮಾರಾಯ್ತಿ!"

ತೊಳೆದುಕೊಂಡು ಬಂದು ಕತ್ತಿನಿಂದ ಶುರುಮಾಡಿದೆ. ಅಕ್ಕ ಅವತ್ತು ಗೋಡೆ ಕಡೆ ತಿರುಗಲಿಲ್ಲ. ನಾಯಿ ಎದ್ದು ಹೋಗಬಹುದಿತ್ತು. ಇವಳು ಮಾತ್ರ, ತಂಗಿ ಇಷ್ಟು ಕಷ್ಟಪಡುತ್ತಿದ್ದಾಳೆ ಎಂದು, ಅಷ್ಟೂ ದಿನ ಹಲ್ಲು ಕಚ್ಚಿ ಮಲಗಿದ್ದಳು.

ಕತ್ತು ಮೊದಲು ಯಾಕೆ ಎಂಬುದು ನನಗಿಂತ ಬೇಗ ಅವಳಿಗೆ ತಿಳಿದಿತ್ತು. "ಕೆಳಗಿನ ಗದ್ದೆ ಕಂಡಿ ತೆಗೀದೆ ಮೇಲಿಂದ ನೀರು ನುಗ್ಗಿಸಿದ್ರೆ ಬದು ಒಡೀತದೆ. ಅಷ್ಟೂ ಹೇಳ್ಕೊಡಲಿಲ್ವಾ ನಿಮ್ಮ ಎಂ.ಎ.ಲಿ?"

"ಹೇಳ್ಬೋದಿತ್ತಲ್ಲ ನೀನು."

"ಎಲ್ಲಿ ಕೇಳ್ತಿದ್ದೆ ನೀನು."

ಆಮೇಲಿನ ವಾರಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬಸ್ಸಿಳಿದು ಬರುವುದು, ಕೈ ತೊಳೆಯುವುದು, ಅಕ್ಕನಿಗೆ ಮುಕ್ಕಾಲು ಗಂಟೆ, ಬ್ಯಾಂಡೇಜು ಸುತ್ತುವುದು, ಆಮೇಲೆ ನಾಯಿಗೆ ಹತ್ತು ನಿಮಿಷ. ಮುಂಗೈಗೆ ದಾರ ಸುತ್ತಿ ಅಳತೆಗೆ ಗಂಟು ಹಾಕುತ್ತಿದ್ದೆ. ಒಂದು ದಿನ ಗಂಟು ಒಳಗೆ ಸರಿಯುತ್ತಿತ್ತು, ಮರುದಿನ ಅವಳು ಕೊಡಪಾನ ಎತ್ತಿದ್ದಕ್ಕೆ ಮತ್ತೆ ಹೊರಗೆ. ಎಷ್ಟೋ ಸಂಜೆ ಆ ಕೈ ಕಂಡರೇ ನನಗೆ ಸಿಟ್ಟು ಬರುತ್ತಿತ್ತು. ನಾಯಿಯ ಕಾಲು ಇಳಿದು ಮೊದಲಿನಂತಾಯಿತು. ಅಕ್ಕನ ಕೈ ಹಾಗಾಗುವುದಿಲ್ಲ, ದಿನಾ ಸವರುತ್ತಿದ್ದರೆ ಹಿಡಿತದಲ್ಲಿರುತ್ತದೆ ಅಷ್ಟೆ ಎಂದು ಹಾಸನದವರು ಮೊದಲೇ ಹೇಳಿದ್ದರು. ಅದನ್ನೂ ನಾನು ಮರೆತಿದ್ದೆ.

ಸೀಮಂತದ ಹಿಂದಿನ ದಿನ ಬಳೆಯ ಮುದುಕಿ ಮತ್ತೆ ಹೆಬ್ಬೆರಳು ಊರಿದಳು. ಗುಳಿ ಬಿದ್ದು ನಿಧಾನವಾಗಿ ತುಂಬಿಕೊಂಡಿತು. ಮೊದಲು ಎರಡು-ಆರರ ಅಳತೆಯ ಬಳೆ ತೊಡುತ್ತಿದ್ದ ಕೈಗೆ ಎರಡು-ಹತ್ತರದ್ದು ಹುಡುಕಿದಳು. "ಬಿಗಿ ಇರಬಾರದು" ಎಂದು ನಾನು ಎರಡು ಸಲ ಹೇಳಿದೆ. "ಗೊತ್ತು ಬುಡವ್ವ" ಅಂದಳು.

ನನ್ನ ನೆನಪಿನಲ್ಲಿ ಅಕ್ಕನ ಬಲಗೈ ತುಂಬ ಹಸಿರು ಬಳೆ. ಡೈರಿಯಲ್ಲಿ: "ಎರಡೇ. ಸಡಿಲ. ಮಗಳಿಗೆ ಅಕ್ಕನೇ ತೊಡಿಸಿದಳು." ಈ ಸಲ ಡೈರಿಯನ್ನು ನಂಬುತ್ತೇನೆ. ಸಂಜೆ ಅವಳು ಅವನ್ನು ತಾನೇ ಜಾರಿಸಿ ತೆಗೆದು ನನ್ನ ಮಡಿಲಿಗೆ ಹಾಕಿದಾಗ ಆದ ಸದ್ದು ನೆನಪಿದೆ. ಅದು ಎರಡು ಬಳೆಯ ಸದ್ದೇ.

"ಕೈ ಭಾರ ಆಗೈತೆ ಕಣೇ" ಅಂದಳು. "ಇವತ್ತೊಂದಿನ ಬುಡು. ನಿಂಗೂ ಸಾಕಾಗೈತೆ."

ಸಾಕಾಗಿತ್ತು. ಎದ್ದು ಕೈ ತೊಳೆದುಕೊಂಡು ಬಂದೆ. ಕತ್ತಿನ ಮೇಲೆ ಅಂಗೈ ಇಟ್ಟಾಗ ಅವಳು ಕಣ್ಣು ಮುಚ್ಚಿ ಕೈ ಚಾಚಿದಳು.