ಐಬಿ ಮೆಟ್ಟಿಲ ಮೇಲೆ ಇಬ್ಬರು

ಹಗರಿಬೊಮ್ಮನಹಳ್ಳಿಯ ಐಬಿ, ಅಂದರೆ ಸರ್ಕಾರಿ ಪ್ರವಾಸಿ ಮಂದಿರದ ಮುಂದಿನ ಬೇವಿನ ನೆರಳು ಸರಿದಂತೆಲ್ಲ ನಾವೂ ಸರಿದು ಕೂರುತ್ತಿದ್ದೆವು. ಸುತ್ತಲಿನ ಶಾಲೆಗಳಲ್ಲಿ ಬಿಸಿಯೂಟ ಮಾಡುವ ಹೆಂಗಸರು ನಾವು. ಒಳಗೆ ಸಚಿವರು ಊಟಕ್ಕೆ ಕೂತಿದ್ದರು. ಕೂಡ್ಲಿಗಿಯ ಕಾರ್ಯಕ್ರಮ ಮುಗಿಸಿ ಬಂದವರು, ಉಂಡು ಹಡಗಲಿಗೆ ಹೋಗುವವರಿದ್ದರು. ಅವರು ಕಾರು ಹತ್ತುವುದರೊಳಗೆ ಅಕ್ಕನ ಕೆಲಸದ ಮಾತು ಇತ್ಯರ್ಥವಾಗಬೇಕಿತ್ತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನಮ್ಮ ಶಾಲೆಯಲ್ಲಿ ನನ್ನ ಜೊತೆ ಅಡುಗೆ ಮಾಡುವವಳು, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವಳು. ಸಂಘ ಮುಷ್ಕರಕ್ಕೆ ಕರೆ ಕೊಟ್ಟ ದಿನ ನಾನು ಜ್ವರ ಬಂದು ಮಲಗಿದ್ದೆ. ನಮ್ಮ ಶಾಲೆಯಿಂದ ಅವಳೊಬ್ಬಳೇ ಒಲೆ ಹಚ್ಚದೆ ಧರಣಿಗೆ ಹೋದಳು. ಮಕ್ಕಳು ಹಸಿದು ಮನೆಗೆ ಹೋದರೆಂದು ಅವಳನ್ನು ತೆಗೆದುಹಾಕಿದರು. ಸೋಮವಾರದಿಂದ ಬೇರೆಯವಳು ಬರುತ್ತಾಳೆ ಎಂದೂ ಹೇಳಿಬಿಟ್ಟರು. ಅಕ್ಕನ ಗಂಡ ಕುರಿ ಹೊಡೆದುಕೊಂಡು ಮಾಗಳದ ಹೊಳೆಯ ಕಡೆ ಹೋದರೆ ಯಾವಾಗ ಬರುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ಮನೆ ನಡೆಯುತ್ತಿದ್ದದ್ದು ಇವಳ ಕೆಲಸದ ಮೇಲೆ.

ಸಚಿವರು ನಮಗೆ ಹೊಸಬರೇನಲ್ಲ. ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ, ಶೇಂಗಾ ಚೀಲ ಹೊತ್ತವರು. ಅಲ್ಲಿ ಹಮಾಲರ ಸಂಘ ಕಟ್ಟಿದರು, ಲಾಠಿ ಏಟು ತಿಂದರು, ಜೈಲಿಗೂ ಹೋಗಿ ಬಂದರು. ಆಮೇಲೆ ನಮ್ಮನ್ನೆಲ್ಲ ಒಟ್ಟುಗೂಡಿಸಿ ಸಂಘ ಮಾಡಿದರು. ಹರಪನಹಳ್ಳಿ, ಅದೇ ತಾಲ್ಲೂಕಿನ ಅರಸೀಕೆರೆಯ ತನಕ ಹಳೆಯ ಮೊಪೆಡ್ಡಿನಲ್ಲಿ ತಿರುಗುತ್ತಿದ್ದರು. ಮಧ್ಯಾಹ್ನಕ್ಕೆ ಯಾವ ಶಾಲೆ ಸಿಕ್ಕರೆ ಅಲ್ಲಿ ಮಕ್ಕಳು ಉಂಡೆದ್ದ ಮೇಲೆ ಉಳಿದಿದ್ದನ್ನು ಉಣ್ಣುತ್ತಿದ್ದರು. ಸಾರಿಗೆ ಉಪ್ಪು ಕಡಿಮೆಯಾದರೆ ಬಾಯಿಬಿಡುತ್ತಿರಲಿಲ್ಲ, ತಾವೇ ಎದ್ದು ಡಬ್ಬಿ ಹುಡುಕುತ್ತಿದ್ದರು. ಮೊದಲ ಚುನಾವಣೆ ಸೋತರು, ಮುಂದಿನದನ್ನು ಗೆದ್ದರು. ಸಚಿವರಾದ ಸುದ್ದಿ ಬಂದ ದಿನ ನಾವು ಮನೆಯಿಂದ ಬೆಲ್ಲ ಒಯ್ದು ಮಕ್ಕಳಿಗೆ ಪಾಯಸ ಮಾಡಿ ಬಡಿಸಿದ್ದೆವು. ಅಲ್ಲಿಂದೀಚೆಗೆ ಅವರನ್ನು ಹತ್ತಿರದಿಂದ ನೋಡಿರಲಿಲ್ಲ.

ಅವರ ಪಿಎ ಹೊರಗೆ ಬಂದು, ಸಂಘದ ಪರವಾಗಿ ಮಾತಾಡುವವಳೆಂದು ನನ್ನನ್ನು ಗುರುತು ಹಿಡಿದ. ಸಾಹೇಬರು ನಿಮ್ಮೊಬ್ಬರನ್ನು ಒಳಗೆ ಕರೆದಿದ್ದಾರೆ, ಬೇಗ ಬರಬೇಕಂತೆ ಎಂದ.

ಅಕ್ಕನೂ ಬರುತ್ತಾಳೆ ಎಂದೆ. ಒಬ್ಬರೇ ಎಂದ. ಹಾಗಾದರೆ ಆಗುವುದಿಲ್ಲ ಎಂದೆ.

ಮಾತುಕತೆಗೆ ಒಬ್ಬರೇ ಒಳಗೆ ಹೋಗಕೂಡದು ಎಂಬುದು ನಮ್ಮ ಸಂಘದ ಕಟ್ಟುನಿಟ್ಟಿನ ನಿಯಮ. ಅದನ್ನು ಮಾಡಿದವರು ಒಳಗೆ ಉಣ್ಣುತ್ತಿದ್ದವರೇ. ಹಿಂದೆ ಕೊಟ್ಟೂರಲ್ಲಿ ಒಬ್ಬ ಹಮಾಲ ಸಾವುಕಾರರ ಅಂಗಡಿಯೊಳಗೆ ಒಬ್ಬನೇ ಹೋಗಿ, ನ್ಯಾಯವಾಗಿಯೇ ಮಾತಾಡಿ ಬಂದಿದ್ದನಂತೆ. ಆದರೆ ಒಳಗೆ ಏನು ನಡೆಯಿತೋ ಎಂದು ಜೊತೆಗಾರರು ಅವನನ್ನು ನಂಬಲಿಲ್ಲ. ಕಡೆಗೆ ಅವನು ಮಾರುಕಟ್ಟೆಯನ್ನೇ ಬಿಟ್ಟು ಹೋದ. ಈ ಕತೆಯನ್ನು ಅವರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು.

ಪಿಎ ಒಳಗೆ ಹೋದ. ಅಕ್ಕ ನನ್ನ ಮೊಣಕೈ ಹಿಡಿದಳು.

"ಹೋಗವ್ವಾ. ನನ್ನ ಕೆಲಸ ಹೋಗ್ತೈತಿ, ನೀ ಕಾನೂನು ಹಿಡ್ಕಂಡು ನಿಂತೀಯಲ್ಲ."

ಕೂತಿದ್ದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಳಗಿಂದ ಎಂಜಲು ತಟ್ಟೆಗಳು ಹೊರಬಂದವು. ಡ್ರೈವರ್ ಕಾರಿನ ಗಾಜು ಒರೆಸಿ ಎಂಜಿನ್ ಚಾಲೂ ಮಾಡಿದ. ನನ್ನ ಹಟಕ್ಕೆ ಅಕ್ಕನ ಒಲೆ ಆರಿತು ಅಂದುಕೊಂಡೆ. ಆದರೂ ಒಬ್ಬಳೇ ಒಳಗೆ ಹೋಗಲು ಮನಸ್ಸು ಬರಲಿಲ್ಲ. ಅವಳ ಕೈ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಪೊಲೀಸಿನವನು ಅಡ್ಡ ನಿಂತ. ನಾವೂ ಅಲ್ಲಿಯೇ ನಿಂತೆವು.

ಸಚಿವರು ಕೈ ಒರೆಸಿಕೊಳ್ಳುತ್ತ ತಾವೇ ಹೊರಬಂದರು. ಹಿಂದೆ ಅಧಿಕಾರಿಗಳ ಗುಂಪು. ಸಚಿವರ ಮುಖ ಬಿಗಿದುಕೊಂಡಿತ್ತು.

"ಏನವ್ವಾ, ಕರದ್ರ ಬರಾದಿಲ್ಲಂತಲ್ಲ. ನನಗೂ ಆ ಕಾಯ್ದೇನು?"

"ನೀವ ಮಾಡಿದ್ದು ಅಲ್ರೀ ಅಣ್ಣಾರ."

"ಅದು ಸಾವುಕಾರ್ರ ಹತ್ರ ಹೋಗಾಕ ಮಾಡಿದ್ದು. ನಾನೇನು ಸಾವುಕಾರನಾ?"

ಅಲ್ಲಿಯವರೆಗೆ ತಲೆ ತಗ್ಗಿಸಿದ್ದ ಅಕ್ಕ ಸೆರಗು ಸರಿ ಮಾಡಿಕೊಂಡಳು.

"ಅಲ್ರೀ. ಆದ್ರ ನೀವು ಕುಂತ ಕಡಿ ನಾವಿಲ್ಲಲ್ರೀ."

ಅಧಿಕಾರಿಯೊಬ್ಬರು ಫೋನು ನೋಡತೊಡಗಿದರು. ಸಚಿವರು ಅಕ್ಕನನ್ನು ನೋಡಿದರು, ಗೇಟಿನ ಹತ್ತಿರ ಕೂತವರನ್ನು ನೋಡಿದರು. ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. ಶಿಕ್ಷಣ ಇಲಾಖೆಯವರನ್ನು ಮುಂದೆ ಕರೆದು, ಈಕೆಯನ್ನು ತೆಗೆದಿದ್ದು ಯಾಕೆ ಎಂದು ನಮ್ಮೆದುರಿಗೇ ಕೇಳಿದರು. ಮಕ್ಕಳು ಉಪವಾಸ ಹೋದರು ಸಾರ್ ಎಂದರು ಅವರು. ಆ ಮಾತು ಸುಳ್ಳಲ್ಲ. ಅಕ್ಕನೂ ಇಲ್ಲ ಎನ್ನಲಿಲ್ಲ. ಮುಷ್ಕರದ ಸುದ್ದಿ ಮೊದಲೇ ಗೊತ್ತಿದ್ದೂ ನೀವೇನು ಏರ್ಪಾಡು ಮಾಡಿದ್ದಿರಿ ಎಂದು ಸಚಿವರು ಕೇಳಿದರು.

"ಸೋಮವಾರ ಈಕೀನ ಅಡಿಗಿ ಮಾಡ್ತಾಳ," ಎಂದು ಗೇಟಿನ ತನಕ ಕೇಳುವಂತೆ ಹೇಳಿ ಮೆಟ್ಟಿಲಿಳಿದರು. ನಮ್ಮ ಕಡೆ ತಿರುಗಿ ನೋಡದೆ ಕಾರು ಹತ್ತಿದರು. ಯಾರೂ ಜೈಕಾರ ಹಾಕಲಿಲ್ಲ. ಆಗ ಅದು ತಲೆಗೆ ಬರಲಿಲ್ಲ, ಆಮೇಲೆ ಕೆಡುಕೆನಿಸಿತು.

ಸೋಮವಾರ ನಾವು ಹೋಗುವಷ್ಟರಲ್ಲಿ ಹೊಸಬಳು ಆಗಲೇ ಬಂದು ಅಕ್ಕಿ ತೊಳೆಯುತ್ತಿದ್ದಳು. ಹರಿಜನಕೇರಿ ಆಚೆಯ ಮನೆಯವಳು, ಈ ಕೆಲಸಕ್ಕೆಂದೇ ಕೂಲಿ ಬಿಟ್ಟು ಬಂದಿದ್ದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು, ಮೇಲಿನಿಂದ ಫೋನು ಬಂದಿದೆ, ಏನು ಮಾಡಲಿ ಎಂದು ನನ್ನನ್ನು ಕೇಳಿದರು. ಅವಳು ಕೈ ಕೊಡವಿ ಎದ್ದಳು. ಜಗಳ ಮಾಡಿದ್ದರೆ ನಮಗೆ ಹಗುರವಾಗುತ್ತಿತ್ತು. ಅಕ್ಕನನ್ನು ನೋಡಿ ಇಷ್ಟೇ ಅಂದಳು:

"ಎರಡು ನೀರಾಗ ತೊಳದೀನಿ. ಇನ್ನೊಂದು ಬೇಕ್ರಿ."

ಅವಳು ಆಟದ ಬಯಲು ದಾಟುವ ತನಕ ಅಕ್ಕ ಅಕ್ಕಿಯ ಬೋಗುಣಿ ಮುಟ್ಟಲಿಲ್ಲ. ಆಮೇಲೆ ಕೂತು, ಮೂರನೆಯ ನೀರು ಹೊಯ್ದಳು.