ಒಂದು ತಾಸು ನಿಂತ ಮಗ್ಗಗಳು

ಬನಹಟ್ಟಿಯ ಆ ಓಣಿಗೆ ಸೊಸೆಯಾಗಿ ಬಂದ ಮೊದಲ ತಿಂಗಳು ಬನಶಂಕರಿಗೆ ತಲೆಶೂಲೆ ಬಿಟ್ಟೇ ಇರಲಿಲ್ಲ. ಹದಿನೆಂಟು ಮನೆ, ಮನೆಗೆ ಎರಡೋ ನಾಲ್ಕೋ ಕರೆಂಟಿನ ಮಗ್ಗ, ಬೆಳಗಾದರೆ ಸಾಕು ಖಟಖಟ ಖಟಖಟ. ಮಹಾಲಿಂಗಪುರದ ಬೆಲ್ಲದಂಗಡಿಯವರ ಮಗಳು, ಬಿ.ಕಾಂ. ಓದಿದವಳು, ಈ ಗದ್ದಲದಲ್ಲಿ ಜನ ಹೇಗೆ ಮಾತಾಡುತ್ತಾರೆ ಎಂದು ಕಂಗಾಲಾಗಿದ್ದಳು. ಒಂಬತ್ತು ವರ್ಷವಾಯಿತು. ಈಗ ಆ ಸದ್ದು ಅವಳ ಕಿವಿಗೇ ಬೀಳುವುದಿಲ್ಲ. ಆದರೆ ಫೋನಿನ ಆಚೆಗಿದ್ದವರಿಗೆ ಬೀಳುತ್ತದಲ್ಲ, ಅದೇ ಫಜೀತಿ.

ಕೊರೊನಾ ಬಂದ ಮೇಲೆ ಮನೆಯಲ್ಲೇ ಕೂತು ಮಾಡುವ ಕೆಲಸಗಳು ಹುಟ್ಟಿಕೊಂಡಿದ್ದವು. ಬನಶಂಕರಿಯ ಸರ್ಟಿಫಿಕೇಟು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಅದನ್ನು ಹೊರಗೆ ತೆಗೆದು ಎರಡು ಕಡೆ ಅರ್ಜಿ ಹಾಕಿದಳು. ಮೊದಲನೆಯವನು ಕೇಳಿಸುತ್ತಿಲ್ಲ ಎಂದು ಫೋನಿಟ್ಟ. ಎರಡನೆಯವನು, ನೀವು ರೈಲ್ವೆ ಸ್ಟೇಷನ್ನಿನಲ್ಲಿದ್ದೀರಾ ಎಂದು ಕೇಳಿ ನಕ್ಕ. ಆ ನಗುವಿಗೆ ಅವಳಿಗೆ ಎರಡು ದಿನ ಅನ್ನ ಸೇರಲಿಲ್ಲ. ಈಗ ಮೂರನೆಯದು, ಪುಣೆಯ ಒಂದು ಸೀರೆ ಕಂಪನಿ. ಕನ್ನಡ ಮಾತಾಡುವ ಗಿರಾಕಿಗಳ ದೂರು ಕೇಳಿ ಸಮಾಧಾನ ಮಾಡುವ ಕೆಲಸ. ಇದೂ ತಪ್ಪಿದರೆ ಸರ್ಟಿಫಿಕೇಟನ್ನು ಮತ್ತೆ ಟ್ರಂಕಿಗೆ ಹಾಕಿ ಸುಮ್ಮನಿದ್ದುಬಿಡುವುದು ಎಂದು ಅವಳು ಗಟ್ಟಿಯಾಗಿ ನಿಶ್ಚಯಿಸಿದ್ದಳು.

ತಯಾರಿ ಮಾಡಿಸಿದವಳು ಕಾಲೇಜಿನ ಗೆಳತಿ ಶೈಲಾ. ಜಮಖಂಡಿಯಲ್ಲಿ ಸಾಲಿ ಟೀಚರು, ವರ್ಷಾನುಗಟ್ಟಲೆ ಫೋನಿನಲ್ಲೇ ಪಾಠ ಹೇಳಿ ಪಳಗಿದವಳು.

"ಶಂಕ್ರಿ, ಒದರಬ್ಯಾಡ. ನಾ ಜಮಖಂಡ್ಯಾಗ ಇದ್ರೂ ಫೋನು ನನ್ನ ಕಿವಿಗೇ ಐತಿ."

"ಮೆತ್ತಗ ಮಾತಾಡಿ ರೂಢೀನ ಇಲ್ಲ, ಏನ್ಮಾಡ್ಲಿ?"

"ಗಿರಾಕಿ ಬೈದ್ರೂ ನೀ ನಗಬೇಕು."

"ಬೈದ್ರ ನಗೂದು ಹೆಂಗಬೇ?"

"ನಿಮ್ಮ ಅತ್ತಿ ಮುಂದ ನಗ್ತಿಯಲ್ಲ, ಹಂಗ."

ದಿನಾ ಮಧ್ಯಾಹ್ನ ಇದೇ ತಾಲೀಮು. ಜೋಳದ ಡಬ್ಬಿಗೆ ಫೋನು ಆನಿಸಿ, ಬಣ್ಣ ಹೋದ ಗೋಡೆ ಕಾಣದಂತೆ ಹಿಂದೆ ಚಾದರ ಕಟ್ಟಿ, ಬನಶಂಕರಿ ಪ್ರಶ್ನೆಗಳಿಗೆ ಉತ್ತರ ಒಪ್ಪಿಸುತ್ತಿದ್ದಳು. ಸಂದರ್ಶನದ ದಿನ ಮಗ್ಗದ ಸದ್ದಿಲ್ಲದ ಶೈಲಾಳ ಮನೆಗೇ ಹೋಗಿ ಕೂರುವುದೆಂದು ಠರಾವಾಗಿತ್ತು. ಹಿಂದಿನ ದಿನ ಬೆಳಿಗ್ಗೆ ಶೈಲಾ ಕೆಮ್ಮುತ್ತಲೇ ಫೋನು ಮಾಡಿದಳು. ಮನೆಮಂದಿಗೆಲ್ಲ ಜ್ವರ, ಮೂರನೆಯ ಅಲೆ ಅವರ ಬಾಗಿಲಿಗೂ ಬಂದಿತ್ತು. ಬನಶಂಕರಿ ಒಲೆಯ ಮುಂದೆ ಕೂತು ಸುಮ್ಮನೆ ಅತ್ತುಬಿಟ್ಟಳು.

ಮಾವ ವೀರಣ್ಣ ಅದನ್ನು ಕಂಡರು. ಮಾತು ಕಡಿಮೆಯ ಮನುಷ್ಯ. ಸೊಸೆಯ ಕೆಲಸದ ಬಗ್ಗೆ ಅಲ್ಲಿಯವರೆಗೆ ಹೌದೆಂದೂ ಅಂದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಸಂಜೆ ಟೊಪ್ಪಿಗೆ ಹಾಕಿಕೊಂಡು ಮನೆಮನೆಗೆ ಹೋದರು.

"ನಾಳೆ ಹನ್ನೊಂದಕ್ಕ ಒಂದು ತಾಸು ಮಗ್ಗ ಬಂದ್ ಇಡ್ರಿ. ನಮ್ಮ ಸೊಸೀದು ಪರೀಕ್ಷಾ ಐತಿ."

"ಈಗ ಎಂಥಾ ಪರೀಕ್ಷಾರೀ ಕಾಕಾ?" ಎಂದು ಎದುರುಮನೆಯ ದುರಗೇಶ ನಕ್ಕ. ನಕ್ಕರೂ ಒಪ್ಪಿದ. ಎಲ್ಲರೂ ಒಪ್ಪಿದರು. ಓಣಿ ದಾಟಿ ಹೊಲದ ಮಗ್ಗುಲಲ್ಲಿದ್ದ ಅನಸವ್ವನ ಮನೆಗೆ ಮಾತ್ರ ವೀರಣ್ಣ ಹೋಗಲಿಲ್ಲ. ಗಂಡ ತೀರಿದ ಮೇಲೆ ಆ ಮನೆಯಲ್ಲಿ ಮಗ್ಗವೇ ಓಡುತ್ತಿಲ್ಲ, ಅಲ್ಲಿಗೆ ಹೋಗಿ ಹೇಳುವುದೇನು ಎಂದುಕೊಂಡರು.

ಮರುದಿನ ಹನ್ನೊಂದಕ್ಕೆ ಒಂದೊಂದೇ ಮಗ್ಗ ನಿಂತಿತು. ಕೊನೆಗೆ ದುರಗೇಶನದೂ ನಿಂತಿತು. ಗಡಿಯಾರದ ಟಿಕ್ ಟಿಕ್ ಕೇಳಿಸತೊಡಗಿದಾಗ ಬನಶಂಕರಿ ತಲೆಯೆತ್ತಿ ಗೋಡೆ ನೋಡಿದಳು. ಇಷ್ಟು ವರ್ಷ ಈ ಗಡಿಯಾರಕ್ಕೆ ಸದ್ದಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಫೋನಿನಲ್ಲಿ ಮುಖ ತೋರಿಸಿದ ಕಂಪನಿಯ ಮೇಡಂ ಮೂಲತಃ ಧಾರವಾಡದವರು. ಒಳ್ಳೆಯ ಮಾತಿನವರೇ. ಸೀರೆಯ ಬಣ್ಣ ಬಿಟ್ಟಿದೆ ಎಂದು ಸಿಟ್ಟಾದ ಗಿರಾಕಿಗೆ ಏನು ಹೇಳುತ್ತೀರಿ ಎಂದು ಕೇಳಿದರು. ನೂಲಿನ ಮನೆಯವಳಿಗೆ ಅದು ಕಷ್ಟದ ಪ್ರಶ್ನೆಯೇ? ಬನಶಂಕರಿ ಒದರದೆ, ತಡವರಿಸದೆ ಹೇಳಿದಳು. ಮೇಡಂ ತಲೆದೂಗಿ ಇನ್ನೊಂದು ಪ್ರಶ್ನೆ ಕೇಳಿದರು.

"ಮನೆಯಲ್ಲಿ ದಿನಾ ಹಿಂಗೇ ಶಾಂತ ಇರ್ತದೇನ್ರಿ?"

"ಹೌದ್ರಿ ಮೇಡಂ, ದಿನಾ ಹಿಂಗ," ಎಂದುಬಿಟ್ಟಳು ಬನಶಂಕರಿ. ಕಿವಿಯ ತುದಿ ಬಿಸಿಯಾಯಿತು.

ಅದೇ ಹೊತ್ತಿಗೆ ಬಾಗಿಲು ದಡಾರನೆ ತೆರೆಯಿತು. ಅನಸವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಬಂದು, ಹಣೆ ಬಡಿದುಕೊಳ್ಳುತ್ತ ನೆಲದ ಮೇಲೆ ಕುಸಿದಳು. "ಯವ್ವಾ, ಯಾರು ಹೋದ್ರಬೇ? ಓಣ್ಯಾಗ ನಿಮ್ಮ ಬಾಗಿಲಾ ಒಂದ ಮುಚ್ಚೇತಿ, ವೀರಣ್ಣಗೇನಾತು?"

ಹಗಲುಹೊತ್ತು, ಕರೆಂಟಿದ್ದೂ ಇಡೀ ಓಣಿಯ ಮಗ್ಗ ನಿಲ್ಲುವುದು ಸಾವಾದಾಗ ಮಾತ್ರ. ಹೆಣ ಎತ್ತುವವರೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ. ಅದು ಅಲ್ಲಿಯ ಕಟ್ಟಳೆ. ವೀರಣ್ಣನಿಂದ ಹಿಡಿದು ದುರಗೇಶನವರೆಗೆ ಒಬ್ಬರ ತಲೆಗೂ ಇದು ಹೊಳೆದಿರಲಿಲ್ಲ, ನೋಡಿ ಎಂಥ ಶಾಣೇ ಮಂದಿ.

ಬನಶಂಕರಿ ಫೋನು ಮರೆತು ಎದ್ದು ಬಂದು ಮುದುಕಿಯ ಕೈ ಹಿಡಿದಳು. "ಆಯಿ, ಯಾರೂ ಹೋಗಿಲ್ಲ. ಮಾವಾರು ಹಿತ್ತಲದಾಗ ಅದಾರ. ನನ್ನ ಕೆಲಸದ ಸಂಬಂಧ ಮಗ್ಗ ನಿಲ್ಲಿಸ್ಯಾರ."

"ಖರೇನ ಯಾರೂ ಹೋಗಿಲ್ಲ?"

"ಖರೇನ ಆಯಿ."

ಮುದುಕಿ ಮತ್ತೆ ಮತ್ತೆ ಕೇಳಿದಳು. ಬನಶಂಕರಿ ಅಷ್ಟೂ ಸಲ ಅದೇ ಉತ್ತರ ಹೇಳಿ, ನೀರು ಕುಡಿಸಿ, ಬೆನ್ನು ಸವರಿದಳು. ಅನಸವ್ವನಿಗೆ ಉಸಿರು ಹತೋಟಿಗೆ ಬಂತು.

"ನಮ್ಮವರು ಹೋದಾಗ ಲಾಕ್‌ಡೌನ್ ಇತ್ತಲ್ಲಬೇ. ಮಗ್ಗ ಮೊದಲಿಂದಾನ ನಿಂತಿದ್ದವು. ಅವರು ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ, ಯಾರೂ ಬರಲಿಲ್ಲ. ಅದಕ್ಕ ಮಗ್ಗ ನಿಂತ್ರ ನನಗ ಕುಂದರಾಕ ಆಗೂದಿಲ್ಲ. ಯಾರ ಮನಿ ಇದ್ರೂ ಬಂದುಬಿಡ್ತೀನಿ."

ಬನಶಂಕರಿಗೆ ಗೊತ್ತಾಗದೇನೂ ಇರಲಿಲ್ಲ. ಅವತ್ತು ಬಂದ ಆಸ್ಪತ್ರೆಯ ಗಾಡಿಯನ್ನು ಅವಳು ಕಿಟಕಿಯ ಸಂದಿಯಿಂದ ನೋಡಿದ್ದಳು. ರೋಗದ ಹೆದರಿಕೆಗೆ ಕಿಟಕಿ ಮುಚ್ಚಿಕೊಂಡಿದ್ದಳು. ಆಮೇಲೂ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ತಿರುಗಿ ನೋಡಿದರೆ ಫೋನಿನಲ್ಲಿ ಮೇಡಂ ಇನ್ನೂ ಕೂತಿದ್ದರು.

"ಮೇಡಂ, ನಾ ಸುಳ್ಳು ಹೇಳಿದೆ. ದಿನಾ ಮಗ್ಗ ಓಡ್ತಾವು. ಇವತ್ತು ನನ್ನ ಸಲುವಾಗಿ ಓಣಿಯವರು ನಿಲ್ಲಿಸ್ಯಾರ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಆ ಅಜ್ಜಿ ಜೋಡಿ ಮಾತಾಡಿದ್ದು ಕೇಳಿದೆ. ನಮಗ ಬೇಕಾಗಿದ್ದು ಅಂಥ ಮಾತೇ. ಆದ್ರ ಸದ್ದಿದ್ದರ ಕೆಲಸ ಆಗೂದಿಲ್ರಿ. ಸಂಜೆ ಆರರೊಳಗ ಶಾಂತ ಜಾಗ ಹುಡುಕಿ ಅಲ್ಲಿಂದ ಫೋನ್ ಮಾಡ್ರಿ. ಇಲ್ಲಾಂದ್ರ ಬ್ಯಾರೆಯವರನ್ನ ತಗೋಬೇಕಾಗ್ತದ."

ಫೋನು ಕಟ್ಟಾಯಿತು. ಓಣಿಯ ಮಗ್ಗಗಳು ಒಂದೊಂದೇ ಶುರುವಾದವು.

"ಏನಂತಾಳಬೇ ಆಕಿ?" ಎಂದಳು ಅನಸವ್ವ.

"ಸದ್ದಿಲ್ಲದ ಜಾಗ ಬೇಕಂತ ಆಯಿ. ಈ ಊರಾಗ ಎಲ್ಲಿಂದ ತರ್ಲಿ?"

ಅನಸವ್ವ ಲೋಟ ಕೆಳಗಿಟ್ಟಳು. "ನಮ್ಮ ಒಳಗಿನ ಖೋಲಿ ಐತಲ್ಲ. ಮಣ್ಣಿನ ದಪ್ಪ ಗ್ವಾಡಿ, ಓಣಿ ಗದ್ದಲ ಒಳಗ ಬರೂದಿಲ್ಲ. ಅವರ ಕೈಮಗ್ಗ ನಿಂತ ಮ್ಯಾಲೆ ಅಲ್ಲಿ ಸದ್ದ ಇಲ್ಲ."

ಮಧ್ಯಾಹ್ನ ಇಬ್ಬರೂ ಆ ಖೋಲಿಗೆ ಹೋದರು. ಕೈಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು, ಮೇಲೊಂದು ಬಿಳಿ ಬಟ್ಟೆ ಹೊದಿಸಿತ್ತು. ಬನಶಂಕರಿ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು ಮೇಡಂಗೆ ಫೋನು ಮಾಡಿದಳು. ಒಂದಿಷ್ಟೂ ಸದ್ದಿಲ್ಲ, ಸೋಮವಾರದಿಂದ ಶುರು ಮಾಡಿ ಎಂದರು ಮೇಡಂ.

ಅನಸವ್ವ ಹೊಸ್ತಿಲ ಮೇಲೆ ಕೂತು ಇಷ್ಟನ್ನೂ ಕೇಳಿಸಿಕೊಂಡಳು. ಕೆಲಸ ಎಂಥದು, ಪಗಾರ ಎಷ್ಟು, ಯಾವುದನ್ನೂ ವಿಚಾರಿಸಲಿಲ್ಲ.

"ಹಂಗಾದ್ರ ನೀ ದಿನಾ ಬರ್ತಿ?" ಎಂದಷ್ಟೇ ಕೇಳಿದಳು.

"ದಿನಾ ಬರ್ತೀನಿ ಆಯಿ," ಎಂದಳು ಬನಶಂಕರಿ.