ರಾಕೆಟ್ ಇಂಧನದವರಿಗೆ ಹೊದಿಸಿದ ಶಾಲು

ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಕಟ್ಟಡದಲ್ಲಿ ಮಗಳೊಡನೆ ನೆಲೆಸಿದ್ದ ಆ ಹಿರಿಯರು ಹಿಂದೆ ರಾಕೆಟ್ಟಿನ ಘನ ಇಂಧನವನ್ನು ಪರೀಕ್ಷಿಸುತ್ತಿದ್ದವರು. ನಾನು ಸಕ್ಕರೆ ಕೊಟ್ಟರೂ ಅಂಗೈಯಲ್ಲಿ ಹರಡಿ, ಬೆರಳಿನಿಂದ ಕೆದಕಿ, "ಚೂರು ಕಲ್ಮಶ ಸಾಕು ಮೇಷ್ಟ್ರೇ, ಉರಿಯೋ ರೀತೀನೇ ಬದಲಾಗುತ್ತೆ" ಎನ್ನುತ್ತಿದ್ದರು.

ಕನ್ನಡ ಸಂಘದ ಸಭೆಯಲ್ಲಿ ಅವರನ್ನು "ನಮ್ಮ ಹೆಮ್ಮೆಯ ವಿಜ್ಞಾನಿ" ಎಂದು ಪರಿಚಯಿಸಿ, ಶಾಲು ಹೊದಿಸಿದವನು ನಾನೇ. ಅವರು ಮೈಕಿನ ಮುಂದೆ ಅದನ್ನು ತೆಗೆದು ಮಡಚತೊಡಗಿದರು.

"ಇದು ನನಗೆ ಬೇಡ. ಇಂಧನಕ್ಕೆ ಬೆರೆಸೋ ಲವಣದಲ್ಲಿ ಕಲ್ಮಶ ಇತ್ತು. ಗೊತ್ತಿದ್ದೂ ಪಾಸ್ ಮಾಡಿದೆ. ಪರೀಕ್ಷೆಯಲ್ಲಿ ಅದು ವಿಪರೀತ ಬೇಗ ಉರಿದು ಸಿಡೀತು. ಕೆಲಸ ಹೋದದ್ದು ನನ್ನ ಜೊತೆಯವನದು. ನಾನು ಬಾಯಿ ಬಿಡಲಿಲ್ಲ."

"ಎಂಥ ದೊಡ್ಡ ಮನಸ್ಸು ಮಾರಾಯ್ರೆ!" ಎಂದು ಮುಂದಿನ ಸಾಲಿನವರೊಬ್ಬರು ಕೂಗಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನು ಶಾಲನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಹೊದಿಸಿದೆ. ಚಪ್ಪಾಳೆ ಮುಗಿಯುವವರೆಗೂ ಅವರು ತಲೆ ತಗ್ಗಿಸಿ ನಿಂತಿದ್ದರು.